ಪಾರಣೆ ಎಷ್ಟು ಹೊತ್ತಿಗೆ? ತಿಥಿ ಎಲ್ಲರಿಗೂ ಒಂದೇ, ಸೂರ್ಯೋದಯ ಆಯಾ ಊರಿನದು

ಪ್ರಶ್ನೆ: ಭಟ್ರೇ, ನಮಸ್ಕಾರ. ನಮ್ಮದು ಸಿದ್ದಾಪುರದ ಹತ್ತಿರ ಸಣ್ಣ ಕಾಫಿ ತೋಟ. ನಾನು ಬೆಂಗಳೂರಿನಿಂದ ಮದುವೆಯಾಗಿ ಬಂದವಳು. ಅತ್ತೆಗೆ 71 ವರ್ಷ. ಏಕಾದಶಿ, ಸಂಕಷ್ಟಿ ಎರಡನ್ನೂ ಬಿಟ್ಟವರಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಾರೆ. ಹೋದ ಸಲ ಗೋಡೆ ಕ್ಯಾಲೆಂಡರ್ ಒಂದು ದಿನ ಏಕಾದಶಿ ಎಂದರೆ ನನ್ನ ಮೊಬೈಲ್ ಮರುದಿನ ಎಂದಿತು. ಪಾರಣೆ, ಅಂದರೆ ಉಪವಾಸ ಬಿಡುವ ಊಟದ ಸಮಯವೂ ಬೇರೆ ಬೇರೆ. ಸಂಕಷ್ಟಿಯ ದಿನವಂತೂ ಜೋರು ಮಳೆ. ಹತ್ತೂಮುಕ್ಕಾಲಾದರೂ ಚಂದ್ರ ಕಾಣಲಿಲ್ಲ, ಅತ್ತೆ ಊಟಕ್ಕೆ ಏಳಲಿಲ್ಲ. ಕೊನೆಗೆ ಅವರ ಕೈ ನಡುಗುವುದಕ್ಕೆ ಶುರುವಾಯಿತು. ಉಪವಾಸ ಬಿಡುವ ಸರಿಯಾದ ಹೊತ್ತು ಯಾವುದು? ಯಾವುದನ್ನು ನಂಬಬೇಕು? ಪಾರಣೆಗೆ ಅನ್ನವೇ ಆಗಬೇಕಾ?

ಉತ್ತರ: ಮೊದಲು ಅತ್ತೆಯವರ ಕೈ ನಡುಗಿದ ವಿಷಯ. ಪಂಚಾಂಗ ಆಮೇಲೆ.

ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರು ಊಟ ಬಿಟ್ಟು ಕೂತಾಗ ಕೈ ನಡುಗಿದರೆ, ಬೆವರು ಕಿತ್ತರೆ, ರಕ್ತದಲ್ಲಿ ಸಕ್ಕರೆ ತೀರಾ ಇಳಿದಿದೆ ಎಂದೇ ತಿಳಿಯಬೇಕು. ಆಗ ಅಂಗಳಕ್ಕೆ ಹೋಗಿ ಚಂದ್ರ ಬಂದನಾ ಅಂತ ನೋಡುತ್ತಾ ನಿಲ್ಲಬಾರದು. ತಕ್ಷಣ ಬೆಲ್ಲದ ನೀರೋ ಸಕ್ಕರೆಯೋ ಕೊಡಬೇಕು. ವ್ರತ ಕೆಟ್ಟಿತು ಅಂತ ಅವರು ಗೊಣಗಿದರೆ ಒಂದು ಹಳೆಯ ಶ್ಲೋಕದ ಮಾತು ಹೇಳಿ. ವ್ರತವನ್ನು ಕೆಡಿಸದ ವಿಷಯಗಳು ಎಂಟು ಎನ್ನುತ್ತದೆ ಅದು: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣರ ಅಪೇಕ್ಷೆ, ಗುರುವಿನ ಮಾತು, ಔಷಧ. ಕೈ ನಡುಗುವವರಿಗೆ ಬೆಲ್ಲದ ನೀರು ಔಷಧವೇ.

ಏಕಾದಶಿ ಕಡ್ಡಾಯ ಎನ್ನುವ ವಚನಕ್ಕೂ ವಯಸ್ಸಿನ ಮಿತಿ ಇದೆ. 8 ವರ್ಷ ದಾಟಿದವರಿಗೆ, 80 ತುಂಬದವರಿಗೆ ಅದು ಅನ್ವಯ. 'ನನಗೆ ಇನ್ನೂ ಒಂಬತ್ತು ವರ್ಷ ಇದೆಯಲ್ಲ' ಎಂದು ನಿಮ್ಮ ಅತ್ತೆ ವಾದ ಮಾಡಬಹುದು. ಮಾಡಲಿ. ನೀವು ಮಾತ್ರ ಅವರನ್ನು ನೋಡುವ ಡಾಕ್ಟರ ಹತ್ತಿರ ಹೋಗಿ, ಉಪವಾಸದ ದಿನ ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಯಾವುದನ್ನು ಬಿಡಬೇಕು ಎಂದು ಮುಂಚೆಯೇ ಕೇಳಿ ಬರೆದಿಟ್ಟುಕೊಳ್ಳಿ. ಆ ಚೀಟಿ ಇಲ್ಲದೆ ಮುಂದಿನ ಉಪವಾಸ ಬೇಡ.

ಈಗ ಪಂಚಾಂಗಕ್ಕೆ ಬರೋಣ. 'ಉಪವಾಸ ಬಿಡುವ ಹೊತ್ತು' ಅಂತ ಎಲ್ಲ ವ್ರತಕ್ಕೂ ಒಂದೇ ಗಂಟೆ ಇಲ್ಲ. ಏಕಾದಶಿ ಪಾರಣೆಗೆ ದ್ವಾದಶಿ ತಿಥಿಯ ಲೆಕ್ಕ. ಸಂಕಷ್ಟಿಗೆ ಚಂದ್ರೋದಯ. ಶಿವರಾತ್ರಿಗೆ ಒಂದು ಇಡೀ ರಾತ್ರಿ ಕಳೆಯಬೇಕು. ಕ್ಯಾಲೆಂಡರ್‌ಗೂ ಮೊಬೈಲ್‌ಗೂ ಜಗಳ ಬರುವುದು ಹೆಚ್ಚಾಗಿ ಒಂದು ಸಣ್ಣ ಸಂಗತಿಯಿಂದ. ತಿಥಿ ಶುರುವಾಗುವ ಕ್ಷಣ, ಮುಗಿಯುವ ಕ್ಷಣ ಎಲ್ಲ ಊರಿಗೂ ಒಂದೇ. ಸೂರ್ಯ ಹುಟ್ಟುವುದು, ಚಂದ್ರ ಹುಟ್ಟುವುದು ಮಾತ್ರ ಊರಿಂದ ಊರಿಗೆ ಬೇರೆ. ಪಾರಣೆಯ ಹೊತ್ತು ಇವೆರಡನ್ನೂ ಸೇರಿಸಿ ಲೆಕ್ಕ ಹಾಕಿದಾಗ ಸಿಗುವುದು.

ತಿಥಿ ಎಂದರೆ ಏನು? ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿಯಲು ಬೇಕಾಗುವ ಕಾಲ, ಅಷ್ಟೇ. ಚಂದ್ರ ಒಂದೇ ವೇಗದಲ್ಲಿ ಓಡುವವನಲ್ಲ. ಭೂಮಿಗೆ ಹತ್ತಿರ ಇರುವಾಗ ಜೋರು, ದೂರ ಇರುವಾಗ ನಿಧಾನ. ಹಾಗಾಗಿ ಒಂದು ತಿಥಿ 20 ಗಂಟೆಗೇ ಮುಗಿಯಬಹುದು, 26 ಮುಕ್ಕಾಲು ಗಂಟೆ ಎಳೆಯಲೂಬಹುದು. ಸರಾಸರಿ ತೆಗೆದರೆ 23 ಗಂಟೆ 37 ನಿಮಿಷ. ನಮ್ಮ ದಿನಕ್ಕೆ 24 ಗಂಟೆ, ಅದಕ್ಕೆ ಇಷ್ಟು. ಎರಡೂ ಹೊಂದಿಕೊಳ್ಳುವುದೇ ಇಲ್ಲ. ತಿಥಿ ಬೆಳಗ್ಗೆ ಏಳಕ್ಕೂ ಮುಗಿಯುತ್ತದೆ, ನಡುರಾತ್ರಿ ಎರಡಕ್ಕೂ ಮುಗಿಯುತ್ತದೆ. ಆದರೆ ಮುಗಿಯುವ ಆ ಕ್ಷಣ ಮಡಿಕೇರಿಗೂ ಕೊಲ್ಕತ್ತಾಕ್ಕೂ ಒಂದೇ, ಏಕೆಂದರೆ ಅದು ಆಕಾಶದಲ್ಲಿ ನಡೆಯುವ ಸಂಗತಿ.

ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ತುಲಾ ಸಂಕ್ರಮಣದ ದಿನ ತಲಕಾವೇರಿಯಲ್ಲಿ ಕುಂಡಿಕೆಯ ಸುತ್ತ ಜನ ಕಾಯುವುದು ಸೂರ್ಯ ತುಲಾ ರಾಶಿಗೆ ಕಾಲಿಡುವ ಆ ಕ್ಷಣಕ್ಕೇ ಅಲ್ವಾ? ಒಂದು ವರ್ಷ ಅದು ಬೆಳಗಿನ ಜಾವ, ಇನ್ನೊಂದು ವರ್ಷ ಮಧ್ಯಾಹ್ನ, ಮತ್ತೊಂದು ವರ್ಷ ರಾತ್ರಿ. ನಮ್ಮ ಅನುಕೂಲಕ್ಕೆ ಅದು ಬರುವುದಿಲ್ಲ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯೂ ಹಾಗೆಯೇ. ಹುಣ್ಣಿಮೆ, ರೋಹಿಣಿ ನಕ್ಷತ್ರ ನೋಡಿ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಹೊತ್ತು ಗೊತ್ತು ಮಾಡುತ್ತಾರೆ. ನೆರೆ (ಎಲೆಗಳ ಕಟ್ಟು) ಕಟ್ಟುವುದಕ್ಕೆ ಒಂದು ಸಮಯ, ಕದಿರು ತೆಗೆಯುವುದಕ್ಕೆ ಒಂದು, ಊಟಕ್ಕೂ ಒಂದು. ಚಂದ್ರನನ್ನು ನೋಡಿ ಊಟದ ಹೊತ್ತು ಇಡುವುದು ಈ ನಾಡಿಗೆ ಹೊಸದೇನಲ್ಲ. ಕೊಡವರ ತಿಂಗಳ ಲೆಕ್ಕ ಸೂರ್ಯನದು, ಏಕಾದಶಿ ಉಪವಾಸ ಅವರ ಪದ್ಧತಿಯಲ್ಲಿ ದೊಡ್ಡದಾಗಿ ಇಲ್ಲ, ಅದು ಬೇರೆ ಮಾತು.

ಈಗ ಊರಿನ ಲೆಕ್ಕ. ಮಡಿಕೇರಿ ಬೆಂಗಳೂರಿಗಿಂತ ಸುಮಾರು ಎರಡು ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ 4 ನಿಮಿಷ. ಅಂದರೆ ನಿಮ್ಮ ತವರಿನಲ್ಲಿ ಸೂರ್ಯ ಹುಟ್ಟಿ ಏಳು ನಿಮಿಷದ ಮೇಲೆ ಇಲ್ಲಿ ಹುಟ್ಟುತ್ತಾನೆ. ಕುಶಾಲನಗರ, ಸಿದ್ದಾಪುರ, ವಿರಾಜಪೇಟೆಗೆ ಮಡಿಕೇರಿ ಸಮಯವನ್ನೇ ಹಿಡಿಯಿರಿ, ಒಂದು ನಿಮಿಷದ ಆಚೀಚೆ ಅಷ್ಟೇ. ಇಲ್ಲಿ ಜನವರಿ ಕೊನೆಯಲ್ಲಿ ಸೂರ್ಯೋದಯ ಸುಮಾರು 6.50ರ ಮೇಲೆ, ಜೂನ್ ಮೊದಲಲ್ಲಿ 6.05ರ ಹತ್ತಿರ. ನಿಮ್ಮ ಮೊಬೈಲ್‌ನ ಪಂಚಾಂಗ ದೆಹಲಿ ಅಂತ ಇಟ್ಟುಕೊಂಡಿದ್ದರೆ ಜೂನ್‌ನಲ್ಲಿ ಅದು 5.25ರ ಆಸುಪಾಸು ತೋರಿಸುತ್ತದೆ. 40 ನಿಮಿಷದ ವ್ಯತ್ಯಾಸ! ಹಾಗಾಗಿ ಮೊದಲು ಅದರ ಊರನ್ನು ಮಡಿಕೇರಿಗೆ ಬದಲಿಸಿ. ಬಹಳ ಮನೆಗಳ ಜಗಳ ಅಲ್ಲಿಗೇ ಮುಗಿಯುತ್ತದೆ.

ಒಂದು ವಿಷಯ ಹೇಳದೆ ಇರಲು ಆಗುತ್ತಿಲ್ಲ. ಹಳೆಯ ಕಾಲದ ಜ್ಯೋತಿಷಿಗಳು ಉಜ್ಜಯಿನಿಯ ಮೇಲೆ ಹಾಯುವ ರೇಖೆಯನ್ನೇ ಲೆಕ್ಕದ ಬುಡ ಮಾಡಿಕೊಂಡಿದ್ದರು. ಉಜ್ಜಯಿನಿ ಇರುವುದು ಪೂರ್ವ ರೇಖಾಂಶ 75.8ರಲ್ಲಿ. ಮಡಿಕೇರಿ 75.7ರಲ್ಲಿ. ಅಂದರೆ ನಾವು ಹೆಚ್ಚೂಕಡಿಮೆ ಅದೇ ರೇಖೆಯ ಮೇಲೆ ಕೂತಿದ್ದೇವೆ. ಬೇರೆ ಊರಿನವರು ಪಂಚಾಂಗ ಗುಣಿಸುವಾಗ ಊರಿನ ದೂರಕ್ಕೆ ಕೂಡಿ ಕಳೆದು ಸುಸ್ತಾಗುತ್ತಿದ್ದಾಗ ಕೊಡಗಿನವನಿಗೆ ಆ ಕೆಲಸ ಇರಲೇ ಇಲ್ಲ. ಹಾಗಂತ ಎರಡೂ ಊರಲ್ಲಿ ಸೂರ್ಯ ಒಟ್ಟಿಗೆ ಹುಟ್ಟುತ್ತಾನೆ ಅಂದುಕೊಳ್ಳಬೇಡಿ. ಉಜ್ಜಯಿನಿ ಉತ್ತರಕ್ಕೆ ಬಹಳ ದೂರ. ಬೇಸಿಗೆಯಲ್ಲಿ ಅಲ್ಲಿ ಬೇಗ ಬೆಳಗಾಗುತ್ತದೆ, ಚಳಿಗಾಲದಲ್ಲಿ ತಡ.

ಏಕಾದಶಿಗೆ ಬರೋಣ. ಬಹಳ ಜನ ಮಾಡುವ ತಪ್ಪು ಎಂದರೆ ಏಕಾದಶಿ ತಿಥಿ ಮುಗಿದ ಕೂಡಲೇ ಎಲೆ ಹಾಕುವುದು. ಸಂಜೆ ಆರಕ್ಕೆ ಏಕಾದಶಿ ಮುಗಿಯಿತು, ರಾತ್ರಿ ಊಟ ಮಾಡಬಹುದಲ್ಲ ಎಂದು ನನ್ನನ್ನು ಕೇಳಿದವರಿದ್ದಾರೆ. ಇಲ್ಲ. ಉಪವಾಸ ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ. ಪಾರಣೆ ಮರುದಿನ, ಸೂರ್ಯ ಹುಟ್ಟಿದ ಮೇಲೆ, ದ್ವಾದಶಿ ಮುಗಿಯುವುದರ ಒಳಗೆ. ಈ ಕಡೆ ಒಂದು ಗೆರೆ, ಆ ಕಡೆ ಒಂದು ಗೆರೆ. ಎರಡರ ನಡುವೆ ಊಟ.

ಮೊದಲ ಗೆರೆ ಕೆಲವೊಮ್ಮೆ ಸೂರ್ಯೋದಯಕ್ಕಿಂತ ಮುಂದೆ ಹೋಗುತ್ತದೆ. ದ್ವಾದಶಿ ತಿಥಿಯ ಮೊದಲ ಕಾಲು ಭಾಗವನ್ನು ಹರಿವಾಸರ ಎನ್ನುತ್ತಾರೆ. ಆಗ ಪಾರಣೆ ಮಾಡುವುದಿಲ್ಲ. ಒಂದು ಲೆಕ್ಕ ಹಾಕಿ ನೋಡಿ. ದ್ವಾದಶಿ ಬೆಳಗಿನ ಜಾವ 4.10ಕ್ಕೆ ಶುರುವಾಗಿ ಮಾರನೆಯ ಬೆಳಗಿನ ಜಾವ 3.50ಕ್ಕೆ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು 23 ಗಂಟೆ 40 ನಿಮಿಷ. ಕಾಲು ಭಾಗ ಎಂದರೆ 5 ಗಂಟೆ 55 ನಿಮಿಷ. ಹಾಗಾಗಿ ಹರಿವಾಸರ ಮುಗಿಯುವುದು 10.05ಕ್ಕೆ. ಸೂರ್ಯ 6.20ಕ್ಕೇ ಹುಟ್ಟಿದ್ದರೂ ಹತ್ತು ಗಂಟೆಯ ತನಕ ಕಾಯಬೇಕು. ಹಾಗಂತ ಸಂಜೆವರೆಗೂ ಆರಾಮಾಗಿ ಮಾಡಬಹುದು ಅಂತಲೂ ಅಲ್ಲ. ಹಗಲನ್ನು ಐದು ಭಾಗ ಮಾಡಿದರೆ ಒಂದೊಂದು ಭಾಗ ಹೆಚ್ಚೂಕಡಿಮೆ 2 ಗಂಟೆ 24 ನಿಮಿಷ ಬರುತ್ತದೆ. ಮೂರನೆಯ ಭಾಗ ಮಧ್ಯಾಹ್ನ. ಆ ಹೊತ್ತಲ್ಲಿ ಪಾರಣೆ ಬೇಡ ಎಂಬ ಪದ್ಧತಿ ಇದೆ. ಈ ಲೆಕ್ಕದಲ್ಲಿ ಮಧ್ಯಾಹ್ನ ಶುರುವಾಗುವುದು 11.08ಕ್ಕೆ. ಆದ್ದರಿಂದ ಆ ದಿನ 10.05ರಿಂದ 11.08ರ ಒಳಗೆ ಮುಗಿಸಿದರೆ ಎಲ್ಲ ನಿಯಮವೂ ನಡೆಯಿತು. ಹರಿವಾಸರ ಇಲ್ಲದ ದಿನವಾದರೆ ಬೆಳಗಿನ ಮೊದಲ ಭಾಗದಲ್ಲೇ ಪಾರಣೆ ಮಾಡುವುದು ಒಳ್ಳೆಯದು.

ಕೆಲವೊಮ್ಮೆ ಇದಕ್ಕೆ ತಿರುಗಾಮುರುಗಾ ಆಗುತ್ತದೆ. ದ್ವಾದಶಿ ಬೆಳಗ್ಗೆ 7.05ಕ್ಕೇ ಮುಗಿಯುತ್ತದೆ, ಸೂರ್ಯ ಹುಟ್ಟುವುದು 6.25ಕ್ಕೆ. ಸಿಗುವುದು 40 ನಿಮಿಷ. ಆ ದಿನ ಸ್ನಾನ, ಪೂಜೆ ಎಲ್ಲವನ್ನೂ ಸೂರ್ಯ ಹುಟ್ಟುವ ಮೊದಲೇ ಮುಗಿಸಿ, ಅಡುಗೆಯನ್ನೂ ತಯಾರು ಮಾಡಿ ಇಟ್ಟುಕೊಳ್ಳಬೇಕು. ಇದನ್ನೇ ಸಾಧನ ದ್ವಾದಶಿ ಎನ್ನುವುದು. ಡಿಸೆಂಬರ್, ಜನವರಿಯ ಕಾಫಿ ಕೊಯ್ಲಿನ ಸಮಯದಲ್ಲಿ ತೋಟದ ಮನೆಯವರಿಗೆ ಇದು ಒಂಥರಾ ಅನುಕೂಲವೇ. ಆಳುಗಳು ಬರುವ ಮೊದಲು ಊಟ ಆಗಿರುತ್ತದೆ!

ಇನ್ನೂ ಅಪರೂಪಕ್ಕೆ ದ್ವಾದಶಿ ಸೂರ್ಯ ಹುಟ್ಟುವ ಮೊದಲೇ ಮುಗಿದುಹೋಗುತ್ತದೆ. ಆಗ ಗಾಬರಿ ಬೇಡ. ಸೂರ್ಯೋದಯ ಆದಮೇಲೆ ತ್ರಯೋದಶಿಯಲ್ಲೇ ಪಾರಣೆ.

ನಾನೇ ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಪಂಚಾಂಗ ನೋಡುವುದನ್ನು ಆಗಷ್ಟೇ ಕಲಿತಿದ್ದೆ. ಭಾಗಮಂಡಲದ ಕಡೆಯ ಒಂದು ಮನೆಯವರು ಪಾರಣೆ ಹೊತ್ತು ಕೇಳಿದರು. ಪಂಚಾಂಗದಲ್ಲಿ ದ್ವಾದಶಿ 3-20 ಅಂತ ಇತ್ತು. ಮಧ್ಯಾಹ್ನ ಮೂರು ಇಪ್ಪತ್ತರವರೆಗೆ ಇದೆ, ನಿಧಾನವಾಗಿ ಪೂಜೆ ಮಾಡಿ ಎಂದುಬಿಟ್ಟೆ. ಅದು ಗಂಟೆ ಅಲ್ಲ, ಗಳಿಗೆ. ಒಂದು ಗಳಿಗೆಗೆ 24 ನಿಮಿಷ, 60 ವಿಗಳಿಗೆ ಸೇರಿದರೆ ಒಂದು ಗಳಿಗೆ. ಸೂರ್ಯೋದಯದಿಂದ ಮೂರು ಗಳಿಗೆ ಇಪ್ಪತ್ತು ವಿಗಳಿಗೆ ಎಂದರೆ 80 ನಿಮಿಷ. ಆ ದಿನ ಸೂರ್ಯೋದಯ 6.40, ದ್ವಾದಶಿ ಮುಗಿದದ್ದು 8 ಗಂಟೆಗೆ. ಅವರು ಊಟಕ್ಕೆ ಕೂತದ್ದು ಹನ್ನೊಂದಕ್ಕೆ. ಮನೆಯ ಅಜ್ಜಿ ನನಗೆ ಏನೂ ಅನ್ನಲಿಲ್ಲ. ಮುಂದಿನ ಏಕಾದಶಿಗೆ ನನ್ನನ್ನು ಕೇಳಲಿಲ್ಲ, ಅಷ್ಟೇ. ಇವತ್ತಿನ ಕ್ಯಾಲೆಂಡರ್‌ಗಳು ಹೆಚ್ಚಾಗಿ ಗಂಟೆಯಲ್ಲೇ ಕೊಡುತ್ತವೆ. ಆದರೂ ನಿಮ್ಮ ಮನೆಯ ಪುಸ್ತಕದ ಪಂಚಾಂಗದಲ್ಲಿ ಗಳಿಗೆ ಇದೆಯಾ ಗಂಟೆ ಇದೆಯಾ ಅಂತ ಮೊದಲ ಪುಟದಲ್ಲೇ ನೋಡಿಕೊಳ್ಳಿ. ಕೆಲವು ಮೊಬೈಲ್ ಪಂಚಾಂಗಗಳು 28.15 ಅಂತ ತೋರಿಸುತ್ತವೆ. ಅದೂ ಗಳಿಗೆ ಅಲ್ಲ, ಮುದ್ರಣ ದೋಷವೂ ಅಲ್ಲ. 24 ಕಳೆಯಿರಿ, ಮಾರನೆಯ ಬೆಳಗಿನ ಜಾವ 4.15.

ಹೊತ್ತು ಮೀರಿ ಹೋಗುತ್ತಿದೆ, ಅಡುಗೆ ಆಗಿಲ್ಲ, ಅಥವಾ ಬರಬೇಕಾದವರು ಬಂದಿಲ್ಲ ಅಂದರೆ? ಇದಕ್ಕೆ ಉತ್ತರ ಭಾಗವತದ ಅಂಬರೀಷನ ಕತೆಯಲ್ಲೇ ಇದೆ. ಆ ಕತೆಯನ್ನು ನಾವು ಭಕ್ತಿಯ ಕತೆ ಎಂದು ಕೇಳುತ್ತೇವೆ. ನನಗೆ ಅದು ಪಾರಣೆಯ ಕತೆ. ರಾಜ ವ್ರತ ಮುಗಿಸಿ ಊಟಕ್ಕೆ ಕೂರುವ ಹೊತ್ತಿಗೆ ದೂರ್ವಾಸರು ಬಂದರು. ಊಟಕ್ಕೆ ಒಪ್ಪಿ ಯಮುನೆಗೆ ಸ್ನಾನಕ್ಕೆ ಹೋದವರು ಬರಲೇ ಇಲ್ಲ. ದ್ವಾದಶಿ ಮುಗಿಯುವುದಕ್ಕೆ ಅರ್ಧ ಮುಹೂರ್ತ ಮಾತ್ರ ಉಳಿದಿತ್ತು, ಅಂದರೆ ನಮ್ಮ ಗಡಿಯಾರದಲ್ಲಿ 24 ನಿಮಿಷ. ಅತಿಥಿಯನ್ನು ಬಿಟ್ಟು ಉಂಡರೆ ತಪ್ಪು, ದ್ವಾದಶಿ ಮೀರಿದರೂ ತಪ್ಪು. ರಾಜ ಬ್ರಾಹ್ಮಣರನ್ನು ಕೇಳಿದ. ಬರೀ ನೀರು ಕುಡಿ ಎಂದರು ಅವರು. ನೀರು ಕುಡಿದರೆ ಉಂಡಂತೆಯೂ ಹೌದು, ಉಣ್ಣದಂತೆಯೂ ಹೌದು. ದೂರ್ವಾಸರಿಗೆ ಸಿಟ್ಟು ಬಂದು ಏನೇನಾಯಿತು, ಸುದರ್ಶನ ಚಕ್ರ ಅವರನ್ನು ಹೇಗೆ ಅಟ್ಟಿಸಿಕೊಂಡು ಹೋಯಿತು ಎನ್ನುವುದು ನಿಮಗೆ ಗೊತ್ತೇ ಇದೆ. ನಮಗೆ ಬೇಕಾದದ್ದು ಆ ನೀರು. ಸಮಯ ಕಡಿಮೆ ಇದ್ದಾಗ ದೇವರ ಮುಂದಿನ ತುಳಸಿ ನೀರು ಒಂದು ಗುಟುಕು ಕುಡಿದರೆ ಪಾರಣೆ ಆಯಿತು. ಊಟ ಆಮೇಲೆ ನಿಧಾನಕ್ಕೆ ಮಾಡಬಹುದು.

ನಿಮ್ಮ ಅತ್ತೆಯವರಿಗೆ ಇದು ಎರಡು ರೀತಿಯಲ್ಲಿ ಉಪಯೋಗ. ಹರಿವಾಸರ ಹತ್ತು ಗಂಟೆವರೆಗೆ ಇರುವ ದಿನ ಮಾತ್ರೆ ನುಂಗಿ ಕಾಯುವುದು ಅವರಿಗೆ ಸರಿಯಲ್ಲ. ಅಂಥ ದಿನ ಸೂರ್ಯ ಹುಟ್ಟಿದ ಮೇಲೆ ಹಾಲು, ಹಣ್ಣು ತಗೊಂಡು ಮಾತ್ರೆ ನುಂಗಲಿ, ಅನ್ನ ಹತ್ತು ಗಂಟೆಗೆ. ಹಾಲು, ಹಣ್ಣು, ಔಷಧ ಮೂರೂ ಆ ಎಂಟರ ಪಟ್ಟಿಯಲ್ಲೇ ಇವೆ. ನಾನು ಹರಿವಾಸರ ನೋಡುವವನೇ. ಆದರೆ ಕಾಯಿಲೆಯವರಿಗೆ ಅದನ್ನು ಹೇರುವವನಲ್ಲ.

ಇನ್ನು ಎರಡು ಏಕಾದಶಿಯ ಗೊಂದಲ. ನಿಮ್ಮ ಕ್ಯಾಲೆಂಡರ್ ಒಂದು ದಿನ, ಮೊಬೈಲ್ ಮರುದಿನ ಎಂದದ್ದು ಬಹುಶಃ ಎರಡೂ ಸರಿಯೇ. ಸ್ಮಾರ್ತರು ಸೂರ್ಯೋದಯಕ್ಕೆ ಏಕಾದಶಿ ಇದೆಯಾ ಎಂದು ನೋಡುತ್ತಾರೆ. ವೈಷ್ಣವರು ಅರುಣೋದಯಕ್ಕೆ ದಶಮಿ ತಾಗಿದೆಯಾ ಎಂದು ನೋಡುತ್ತಾರೆ. ಅರುಣೋದಯ ಎಂದರೆ ಸೂರ್ಯೋದಯಕ್ಕೆ ನಾಲ್ಕು ಗಳಿಗೆ, ಅಂದರೆ 96 ನಿಮಿಷ ಮುಂಚೆ. ಸೂರ್ಯ 6.30ಕ್ಕೆ ಹುಟ್ಟಿದರೆ ಅರುಣೋದಯ 4.54. ದಶಮಿ 5.20ರವರೆಗೆ ಇತ್ತು ಎಂದಿಟ್ಟುಕೊಳ್ಳಿ. ಸೂರ್ಯೋದಯಕ್ಕೆ ಏಕಾದಶಿ ಬಂದಿದೆ, ಸ್ಮಾರ್ತರಿಗೆ ಅವತ್ತೇ ಉಪವಾಸ. ಅರುಣೋದಯಕ್ಕೆ ದಶಮಿ ಇದ್ದುದರಿಂದ ವೈಷ್ಣವರಿಗೆ ಮರುದಿನ. ಮಠಗಳ ಪಂಚಾಂಗ ನೋಡುವ ಮಾಧ್ವರ ಮನೆಗಳಲ್ಲಿ ಇದು ಮಕ್ಕಳಿಗೂ ಗೊತ್ತು. ನಿಮ್ಮ ಅತ್ತೆಯ ಮನೆಯವರು ಯಾವುದನ್ನು ಹಿಡಿದು ಬಂದಿದ್ದಾರೋ ಅದನ್ನೇ ಹಿಡಿಯಿರಿ. ಒಂದೇ ಒಂದು ಎಚ್ಚರಿಕೆ: ಉಪವಾಸಕ್ಕೆ ಕ್ಯಾಲೆಂಡರ್, ಪಾರಣೆಗೆ ಮೊಬೈಲ್ ಅಂತ ಬೆರೆಸಬೇಡಿ. ಹಾಗೆ ಬೆರೆಸಿದರೆ ಒಂದೋ ಎರಡು ದಿನ ಹಸಿದಿರಬೇಕು, ಇಲ್ಲವೇ ಉಪವಾಸದ ದಿನವೇ ಉಂಡಂತೆ ಆಗುತ್ತದೆ.

ಇದಲ್ಲದೆ ಪಂಚಾಂಗ ಪಂಚಾಂಗಕ್ಕೂ ವ್ಯತ್ಯಾಸ ಇದೆ. ಹಳೆಯ ಸಿದ್ಧಾಂತದ ಲೆಕ್ಕದಲ್ಲಿ ತಿಥಿ ಹೆಚ್ಚೆಂದರೆ ಐದು ಗಳಿಗೆ ಬೆಳೆಯುತ್ತದೆ, ಆರು ಗಳಿಗೆ ಕುಗ್ಗುತ್ತದೆ. ಬಾಣವೃದ್ಧಿ ರಸಕ್ಷಯ ಎನ್ನುವುದು ಇದಕ್ಕೇ. ಈಗಿನ ದೃಕ್ ಲೆಕ್ಕದಲ್ಲಿ, ಅಂದರೆ ಆಕಾಶದಲ್ಲಿ ಕಾಣುವುದಕ್ಕೆ ಹೊಂದುವ ಲೆಕ್ಕದಲ್ಲಿ, ಅದಕ್ಕಿಂತ ಜಾಸ್ತಿ ಬೆಳೆಯುತ್ತದೆ, ಜಾಸ್ತಿ ಕುಗ್ಗುತ್ತದೆ. ಹಾಗಾಗಿ ಎರಡರಲ್ಲಿ ತಿಥಿ ಮುಗಿಯುವ ಹೊತ್ತಿಗೆ ಕೆಲವು ಗಂಟೆ ಫರಕು ಬರಬಹುದು. ತಿಥಿಗೆ ಮನೆಯ ಪಂಚಾಂಗ ಯಾವುದೋ ಅದನ್ನೇ ವರ್ಷವಿಡೀ ನೋಡಿ. ಚಂದ್ರೋದಯಕ್ಕೆ ಮಾತ್ರ ನಾನು ದೃಕ್ ಲೆಕ್ಕವನ್ನೇ ನಂಬುತ್ತೇನೆ. ಚಂದ್ರ ನಮ್ಮ ಪುಸ್ತಕ ಓದಿಕೊಂಡು ಹುಟ್ಟುವುದಿಲ್ಲವಲ್ಲ.

ಈಗ ಸಂಕಷ್ಟಿ. ಇದರ ಪಾರಣೆಗೂ ಏಕಾದಶಿ ಪಾರಣೆಗೂ ಸಂಬಂಧವೇ ಇಲ್ಲ. ಚಂದ್ರ ಹುಟ್ಟುವ ಹೊತ್ತಿಗೆ ಕೃಷ್ಣ ಪಕ್ಷದ ಚೌತಿ ಇದ್ದರೆ ಅವತ್ತು ಸಂಕಷ್ಟಿ. ಎರಡು ದಿನವೂ ಹಾಗಿದ್ದರೆ ಮೊದಲ ದಿನ, ಎರಡೂ ದಿನ ಇಲ್ಲದಿದ್ದರೆ ಎರಡನೆಯ ದಿನ. ಉಪವಾಸ ಅದೇ ರಾತ್ರಿ ಮುಗಿಯುತ್ತದೆ: ಗಣಪತಿ ಪೂಜೆ, ಚಂದ್ರನಿಗೆ ಅರ್ಘ್ಯ, ಊಟ. ಮರುದಿನದವರೆಗೆ ಕಾಯುವುದು ಇದರಲ್ಲಿ ಇಲ್ಲ. ಊಟದ ಹೊತ್ತಿಗೆ ಚೌತಿ ಮುಗಿದು ಪಂಚಮಿ ಬಂತಲ್ಲ ಎನ್ನುವ ಚಿಂತೆಯೂ ಬೇಡ.

ಹುಣ್ಣಿಮೆಯ ನಂತರ ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಹಾಗಾಗಿ ಚೌತಿಯ ರಾತ್ರಿ ಸಾಮಾನ್ಯವಾಗಿ ಎಂಟೂವರೆಯಿಂದ ಹತ್ತರ ಒಳಗೆ ಬರುತ್ತಾನೆ. ಬೆಂಗಳೂರಿನ ಸಮಯಕ್ಕೆ ಏಳೆಂಟು ನಿಮಿಷ ಸೇರಿಸಿದರೆ ನಿಮ್ಮೂರಿನ ಸಮಯ ಸಿಗುತ್ತದೆ. ಆದರೆ ಅದು ಬಯಲಿನ ಲೆಕ್ಕ. ಕೊಡಗಿನಲ್ಲಿ ಪೂರ್ವಕ್ಕೆ ಒಂದು ಬೆಟ್ಟವೋ, ಬೆಟ್ಟ ಇಲ್ಲದಿದ್ದರೆ ತೋಟದ ಸಿಲ್ವರ್ ಮರಗಳೋ ಅಡ್ಡ ಇದ್ದೇ ಇರುತ್ತವೆ. ಎಷ್ಟು ತಡವಾಗುತ್ತದೆ ಎಂದು ತಿಳಿಯಲು ಒಂದು ಸುಲಭದ ದಾರಿ ಇದೆ. ಕೈಯನ್ನು ಪೂರ್ತಿ ಮುಂದೆ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯ ಎತ್ತರ ಸುಮಾರು 10 ಡಿಗ್ರಿ. ಬೆಟ್ಟ ಒಂದು ಮುಷ್ಟಿ ಎತ್ತರ ಕಂಡರೆ ಚಂದ್ರ ಅದನ್ನು ದಾಟಿ ಮುಖ ತೋರಿಸಲು 40 ನಿಮಿಷದ ಮೇಲೆ ಬೇಕು. ಆಕಾಶ ತಿಳಿಯಾಗಿದ್ದಾಗ ಅಷ್ಟು ಕಾಯುವವರು ಕಾಯಲಿ, ಚೆನ್ನಾಗಿಯೇ ಇರುತ್ತದೆ.

ಮಳೆಗಾಲದಲ್ಲಿ ಮಾತ್ರ ಈ ಕಾಯುವಿಕೆಗೆ ಅರ್ಥ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸೂರ್ಯನೇ ವಾರಗಟ್ಟಲೆ ಕಾಣುವುದಿಲ್ಲ, ಇನ್ನು ಚಂದ್ರ ಎಲ್ಲಿಂದ ಬರಬೇಕು? ನಿಯಮ ಇರುವುದು ಚಂದ್ರೋದಯಕ್ಕೆ. ಮೋಡ ಸರಿಯುವುದಕ್ಕೆ ಅಲ್ಲ. ಚಂದ್ರ ಮೋಡದ ಹಿಂದೆ ಹುಟ್ಟಿಯೇ ಇರುತ್ತಾನೆ. ಪಂಚಾಂಗದ ಸಮಯ ಆದಮೇಲೆ ಒಂದು ತಟ್ಟೆಯಲ್ಲಿ ಅಕ್ಕಿ ಹರವಿ, ಅದರ ಮೇಲೆ ಚಂದ್ರನ ಆಕಾರ ಬರೆದು, ಪೂರ್ವಕ್ಕೆ ಮುಖ ಮಾಡಿ ಅರ್ಘ್ಯ ಬಿಟ್ಟು ಊಟ ಮಾಡಬಹುದು. ಮಡಿಕೇರಿಯಲ್ಲಿ ಕೋಟೆ ಗಣಪತಿಗೆ ಹೋಗಿ ಬಂದು, ಕೊಡೆ ಮಡಚಿಟ್ಟು, ಕಿಟಕಿಯ ಹತ್ತಿರ ಕೂತು ಹನ್ನೊಂದರವರೆಗೆ ಕಾಯುವ ಹಿರಿಯರನ್ನು ನಾನು ನೋಡಿದ್ದೇನೆ. ಭಕ್ತಿ ದೊಡ್ಡದು, ಒಪ್ಪುತ್ತೇನೆ. ಆದರೆ ಶಾಸ್ತ್ರ ಅಷ್ಟು ಕೇಳಿಲ್ಲ. ನಿಮ್ಮ ಅತ್ತೆ ಅವತ್ತು ಚಂದ್ರೋದಯದ ಹೊತ್ತಿಗೇ ಊಟ ಮಾಡಬಹುದಿತ್ತು.

ಮಳೆಗಾಲದ್ದೇ ಇನ್ನೊಂದು ಮಾತು. ಗಾಳಿಗೆ ಮರ ಬಿದ್ದರೆ ಕರೆಂಟ್ ಎರಡು ಮೂರು ದಿನ ಇರುವುದಿಲ್ಲ, ಮೊಬೈಲ್‌ಗೆ ನೆಟ್‌ವರ್ಕೂ ಇರುವುದಿಲ್ಲ. ತಿಂಗಳ ಮೊದಲ ದಿನವೇ ಎರಡು ಏಕಾದಶಿಯ ಪಾರಣೆ ಹೊತ್ತು, ಸಂಕಷ್ಟಿಯ ಚಂದ್ರೋದಯ ಮೂರನ್ನೂ ಕ್ಯಾಲೆಂಡರ್‌ನ ಮೇಲೆ ಪೆನ್ನಿನಲ್ಲಿ ಬರೆದುಬಿಡಿ. ಸೂರ್ಯೋದಯಕ್ಕೂ ಇದೇ ಮಾತು. ಮಂಜಿನಲ್ಲಿ ಸೂರ್ಯ ಕಾಣಲಿಲ್ಲ, ಬೆಟ್ಟ ಹತ್ತಲಿಲ್ಲ ಅಂತ ಪಾರಣೆ ನಿಲ್ಲಿಸಬೇಡಿ. ಸಾಧನ ದ್ವಾದಶಿಯ ದಿನ ಬಿಸಿಲಿಗೆ ಕಾದರೆ ದ್ವಾದಶಿಯೇ ಹೋಗಿರುತ್ತದೆ.

ಉಳಿದ ಉಪವಾಸಗಳನ್ನು ನೀವು ಕೇಳಿಲ್ಲ, ಆದರೂ ಚುಟುಕಾಗಿ ಹೇಳಿಬಿಡುತ್ತೇನೆ. ಶಿವರಾತ್ರಿಗೆ ರಾತ್ರಿ ಜಾಗರಣೆ, ಬೆಳಗ್ಗೆ ಸ್ನಾನ ಮಾಡಿ ಪಾರಣೆ. ಚತುರ್ದಶಿ ಬೆಳಗ್ಗೆಯೂ ಉಳಿದಿದ್ದರೆ ಅದರೊಳಗೆ ಮಾಡಿದರೆ ಚೆಂದ. ಕೃಷ್ಣಾಷ್ಟಮಿಗೆ ನಡುರಾತ್ರಿ ಅರ್ಘ್ಯ ಕೊಟ್ಟು ಮರುದಿನ ಬೆಳಗ್ಗೆ ಪಾರಣೆ. ಅಷ್ಟಮಿ, ರೋಹಿಣಿ ಎರಡೂ ಮುಗಿಯಲಿ ಎಂದು ಕಟ್ಟುನಿಟ್ಟಿನವರು ಕಾಯುತ್ತಾರೆ. ಕಾಯಲಾಗದವರು ಬೆಳಗಿನ ಪೂಜೆ ಮುಗಿಸಿ ಉಣ್ಣಬಹುದು. ಈ ಎರಡು ವ್ರತಕ್ಕೂ ನಡುರಾತ್ರಿ ಮುಖ್ಯ. ಆದರೆ ಮಡಿಕೇರಿಯ ನಿಜವಾದ ನಡುರಾತ್ರಿ ಗಡಿಯಾರದ ಹನ್ನೆರಡಕ್ಕೆ ಅಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಸಮಯಕ್ಕೆ. ನಾವು ಅದಕ್ಕಿಂತ 27 ನಿಮಿಷ ಹಿಂದೆ. ಶಿವರಾತ್ರಿ ಬರುವ ಫೆಬ್ರವರಿ, ಮಾರ್ಚ್‌ನಲ್ಲಿ ಇಲ್ಲಿ ನಡುರಾತ್ರಿ ಆಗುವುದು ಹನ್ನೆರಡೂವರೆ ದಾಟಿದ ಮೇಲೆ. ಕಾರ್ತಿಕ ಸೋಮವಾರ, ಪ್ರದೋಷ ಇವೆಲ್ಲ ಹಗಲು ಉಪವಾಸ. ಸಂಜೆ ಪೂಜೆ ಮುಗಿಸಿ, ಕತ್ತಲಾದ ಮೇಲೆ ಊಟ.

ಹೊರದೇಶದಲ್ಲಿ ಮಕ್ಕಳಿದ್ದರೆ ಅವರಿಗೆ ಇಲ್ಲಿಂದ ಫೋನ್ ಮಾಡಿ 'ಈಗ ಪಾರಣೆ ಮಾಡು' ಅನ್ನಬೇಡಿ. ಇಲ್ಲಿ 7.05ಕ್ಕೆ ದ್ವಾದಶಿ ಮುಗಿದರೆ ದುಬೈನಲ್ಲಿ ಆಗ 5.35, ಅಲ್ಲಿ ಡಿಸೆಂಬರ್‌ನಲ್ಲಿ ಸೂರ್ಯನೇ ಹುಟ್ಟಿರುವುದಿಲ್ಲ. ಅವರ ಊರಿನ ಸೂರ್ಯೋದಯ ಹಾಕಿ ಅವರೇ ನೋಡಿಕೊಳ್ಳಲಿ.

ಕೊನೆಗೆ ಅನ್ನದ ಪ್ರಶ್ನೆ. ಪಾರಣೆಗೆ ಅನ್ನವೇ ಆಗಬೇಕು ಎಂದೇನಿಲ್ಲ, ಆದರೆ ನಮ್ಮ ಕಡೆ ರೂಢಿ ಅದೇ. ದ್ವಾದಶಿಗೆ ಅಗಸೆ ಸೊಪ್ಪು, ನೆಲ್ಲಿಕಾಯಿ ಸೇರಿಸಿ ಮಾಡುವ ಮನೆಗಳಿವೆ. ಹಸಿದ ಹೊಟ್ಟೆಗೆ ಖಾರ, ಕರಿದದ್ದು ಬೇಡ. ಅತ್ತೆಯವರಿಗೆ ಮೆತ್ತಗಿನ ಅನ್ನ, ಹೆಸರುಬೇಳೆ, ಮಜ್ಜಿಗೆ ಸಾಕು. ಏಕಾದಶಿಯ ದಿನ ಫಲಾಹಾರದ ಹೆಸರಲ್ಲಿ ಎರಡು ತಟ್ಟೆ ರವೆ ಉಪ್ಪಿಟ್ಟು ತಿನ್ನುವವರಿಗೆ ಈ ಚಿಂತೆ ಇಲ್ಲ ಬಿಡಿ, ಅವರ ಹೊಟ್ಟೆ ಖಾಲಿಯೇ ಆಗಿರುವುದಿಲ್ಲ. ಕಾಫಿ ಕುಡಿಯಬಹುದಾ ಎಂದು ನೀವು ಕೇಳಿಲ್ಲ. ಕಾಫಿ ತೋಟದ ಮನೆಯವರು ಅದನ್ನು ಕೇಳದೆ ಇದ್ದದ್ದೇ ಆಶ್ಚರ್ಯ. ನಿಟ್ಟುಪವಾಸ ಮಾಡುವವರು ಕುಡಿಯುವುದಿಲ್ಲ. ಹಾಲು, ಹಣ್ಣು ತಗೊಳ್ಳುವವರು ಕುಡಿಯುತ್ತಾರೆ. ನಿಮ್ಮ ಅತ್ತೆ ಕುಡಿಯುವುದಾದರೆ ಹಾಲು ಹಾಕಿಯೇ ಕುಡಿಯಲಿ. ಬರೀ ಹೊಟ್ಟೆಗೆ ಕಪ್ಪು ಕಾಫಿ ಬೇಡ.